ಪೆಟ್ಟು ಎಲ್ಲಿ ನಿಲ್ಲುತ್ತದೆ? ವಾರ್‌ಹ್ಯಾಮರ್ 40,000 ಆಟದಲ್ಲಿ ಡ್ಯಾಮೇಜ್ ಮತ್ತು ರಕ್ಷಣೆಯ ಲೆಕ್ಕ

ವಾರ್‌ಹ್ಯಾಮರ್ 40,000 ಅಂದರೆ ಮೇಜಿನ ಮೇಲೆ ಗೊಂಬೆಗಳ ಸೇನೆ ನಿಲ್ಲಿಸಿ, ದಾಳ ಉರುಳಿಸಿ ಆಡುವ ಯುದ್ಧದ ಆಟ. ಮೇಜಿನ ಆ ತುದಿಯಲ್ಲಿ ಗೆಳೆಯನ ನೈಟ್‌ಬ್ರಿಂಗರ್ ನಿಂತಿತ್ತು. ನೆಕ್ರಾನ್ ಸೇನೆಯ ದೊಡ್ಡ ಗೊಂಬೆ ಅದು. ಈ ತುದಿಯಲ್ಲಿ ನನ್ನ ನಾಲ್ಕು ಲಾಸ್‌ಕ್ಯಾನನ್. ಟ್ಯಾಂಕ್ ಒಡೆಯುವ ಬಂದೂಕು. ನಾಲ್ಕರಲ್ಲಿ ಮೂರು ಗುಂಡು ತಾಗಿದವು. ಮೂರರಲ್ಲಿ ಎರಡು ಗಾಯ ಮಾಡಿದವು. ಅದರಲ್ಲಿ ಒಂದನ್ನು ಅವನು ಸೇವ್ ಮಾಡಿದ, ಅಂದರೆ ದಾಳ ಹಾಕಿ ತಡೆದ, ಇನ್ನೊಂದು ಒಳಗೆ ನುಗ್ಗಿತು. ಡ್ಯಾಮೇಜ್ ದಾಳದಲ್ಲಿ ಆರು ಬಿತ್ತು, ಒಂದು ಸೇರಿ ಏಳು. ನನಗೆ ಖುಷಿಯೋ ಖುಷಿ. ಅವನು ಏಳನ್ನು ಅರ್ಧ ಮಾಡಿ "ನಾಲ್ಕು" ಅಂದ. ಆಮೇಲೆ ನಾಲ್ಕು ದಾಳ ಉರುಳಿಸಿ, ಅದರಲ್ಲೂ ಎರಡನ್ನು ತೆಗೆದುಹಾಕಿದ. ಕೊನೆಗೆ ಹೋದದ್ದು ಬರೀ ಎರಡು.

ಅವನು ಮಾಡಿದ್ದೆಲ್ಲ ಸರಿಯೇ. ಮೂರು ಬೇರೆ ಬೇರೆ ರಕ್ಷಣೆ, ಮೂರು ಬೇರೆ ಬೇರೆ ಹಂತ. ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಯಾವ ಬಂದೂಕು ಜಾಸ್ತಿ ಸ್ಟ್ರಾಂಗ್?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು "ಎದುರಿನವನ ರಕ್ಷಣೆ ಯಾವ ಹಂತದಲ್ಲಿ ಕೆಲಸ ಮಾಡುತ್ತದೆ?" ಅಂತ. ಇದು ಗೊತ್ತಾದ ದಿನದಿಂದ ನನ್ನ ಆಟವೇ ಬದಲಾಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸಿಡುತ್ತೇನೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ತಂದ ಆಟ ಇದು. ನಾನು ಬರೆಯುತ್ತಿರುವುದು 2023ರ ಜೂನ್‌ನಲ್ಲಿ ಬಂದ ಹತ್ತನೇ ಆವೃತ್ತಿಯ ನಿಯಮ. ಗೊಂಬೆಗಳ ಅಂಕಿಗಳನ್ನು ಕಂಪನಿ ಆಗಾಗ ತಿದ್ದುತ್ತದೆ, ಆದ್ದರಿಂದ ಆಡುವ ದಿನ ಡೇಟಾಶೀಟ್, ಅಂದರೆ ಗೊಂಬೆಯ ಅಂಕಿಗಳಿರುವ ಹಾಳೆ, ತೆಗೆದು ನೋಡಿ. ಎರಡನೆಯದು, ಈ ಆಟದಲ್ಲಿ "ವೂಂಡ್" ಎಂಬ ಒಂದೇ ಪದ ಎರಡು ಕಡೆ ಬಂದು ಗೊಂದಲ ಮಾಡುತ್ತದೆ. ಪೆಟ್ಟು ಗಾಯ ಮಾಡಿತಾ ಅಂತ ನೋಡುವ ದಾಳವೂ ವೂಂಡ್, ಗೊಂಬೆಗೆ ಉಳಿದಿರುವ ಆಯಸ್ಸೂ ವೂಂಡ್. ಇಲ್ಲಿ ಮೊದಲನೆಯದನ್ನು ವೂಂಡ್ ರೋಲ್ ಅನ್ನುತ್ತೇನೆ, ಎರಡನೆಯದನ್ನು ಜೀವ ಅನ್ನುತ್ತೇನೆ.

ತಾಗಿತಾ?

ಮೊದಲ ಹಂತ ಹಿಟ್ ರೋಲ್. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ. ಹೊಡೆಯುವವನ ಕೌಶಲ 3+ ಇದ್ದರೆ ದಾಳದಲ್ಲಿ ಮೂರು ಅಥವಾ ಹೆಚ್ಚು ಬೀಳಬೇಕು. ಒಂದು ಬಿದ್ದರೆ ಯಾವಾಗಲೂ ತಪ್ಪು, ಆರು ಬಿದ್ದರೆ ಯಾವಾಗಲೂ ಸರಿ. ಸ್ಟೆಲ್ತ್‌ನಂಥ ರಕ್ಷಣೆ ಕೆಲಸ ಮಾಡುವುದು ಇಲ್ಲಿ, ದೂರದಿಂದ ಬರುವ ಗುಂಡಿಗೆ ಒಂದು ಅಂಕ ಕಳೆಯುತ್ತದೆ.

ನೆನಪಿಡಬೇಕಾದ್ದು ಒಂದೇ. ಹಿಟ್ ರೋಲ್‌ಗೆ ಎಷ್ಟೇ ಕಡೆಯಿಂದ ಕಡಿತ ಬಂದರೂ ಒಟ್ಟು ಒಂದಕ್ಕಿಂತ ಜಾಸ್ತಿ ಕಳೆಯುವ ಹಾಗಿಲ್ಲ. ವೂಂಡ್ ರೋಲ್‌ಗೂ ಇದೇ ಮಿತಿ. ಸ್ಟೆಲ್ತ್ ಇರುವ ಯೂನಿಟ್‌ಗೆ (ಒಟ್ಟಿಗೆ ಆಡುವ ಗೊಂಬೆಗಳ ಗುಂಪಿಗೆ) ಇನ್ನೊಂದು "ಹಿಟ್‌ಗೆ ಮೈನಸ್ ಒಂದು" ಕೊಡಿಸಲು ಪಾಯಿಂಟ್ ಖರ್ಚು ಮಾಡಿದರೆ ಅದು ಸುಮ್ನೆ ದಂಡ. ಅದೇ ಖರ್ಚನ್ನು ಬೇರೆ ಹಂತದ ರಕ್ಷಣೆಗೆ ಹಾಕಿದರೆ ಪೂರ್ತಿ ಫಲ ಸಿಗುತ್ತದೆ.

ಗಾಯ ಆಯಿತಾ?

ಇಲ್ಲಿ ಬಂದೂಕಿನ ಸ್ಟ್ರೆಂತ್ (ಬಲ) ಮತ್ತು ಗೊಂಬೆಯ ಟಫ್‌ನೆಸ್ (ಗಟ್ಟಿತನ) ಎದುರುಬದುರು ನಿಲ್ಲುತ್ತವೆ. ಸ್ಟ್ರೆಂತ್ ಎರಡು ಪಟ್ಟು ಅಥವಾ ಹೆಚ್ಚಿದ್ದರೆ 2+ ಸಾಕು. ಬರೀ ಜಾಸ್ತಿ ಇದ್ದರೆ 3+. ಸಮ ಇದ್ದರೆ 4+. ಕಡಿಮೆ ಇದ್ದರೆ 5+. ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 6+.

ಇದು ಸಮವಾಗಿ ಏರುವ ಮೆಟ್ಟಿಲಲ್ಲ ಅನ್ನುವುದನ್ನು ಗಮನಿಸಿ. ದಪ್ಪ ಕವಚದ ಸೈನಿಕರಾದ ಟರ್ಮಿನೇಟರ್‌ಗಳ ಟಫ್‌ನೆಸ್ 5. ಅದಕ್ಕೆ ಸ್ಟ್ರೆಂತ್ 6ರ ಬಂದೂಕೂ 3+, ಸ್ಟ್ರೆಂತ್ 9ರ ಬಂದೂಕೂ 3+. ನಡುವಿನ ಮೂರು ಅಂಕಕ್ಕೆ ಬೆಲೆಯೇ ಇಲ್ಲ. ಹತ್ತು ಮುಟ್ಟಿದಾಗ ಮಾತ್ರ 2+ ಆಗುತ್ತದೆ. ಹಾಗಾಗಿ ಬಂದೂಕು ಆರಿಸುವಾಗ ಎದುರಾಳಿಯ ಟಫ್‌ನೆಸ್‌ನ ಅರ್ಧ, ಸಮ, ಸಮಕ್ಕಿಂತ ಒಂದು ಜಾಸ್ತಿ, ಎರಡು ಪಟ್ಟು, ಈ ನಾಲ್ಕು ಗೆರೆಗಳನ್ನು ಮಾತ್ರ ನೋಡಿ.

ಯಾರ ಮೇಲೆ ಬಿತ್ತು?

ಗಾಯ ಆದ ಪೆಟ್ಟನ್ನು ಯಾವ ಗೊಂಬೆಗೆ ಕೊಡಬೇಕು ಅಂತ ನಿರ್ಧರಿಸುವವನು ರಕ್ಷಿಸುವವನು. ಆದರೆ ಆ ಯೂನಿಟ್‌ನಲ್ಲಿ ಈಗಾಗಲೇ ಜೀವ ಕಳೆದುಕೊಂಡ ಗೊಂಬೆ ಇದ್ದರೆ ಮುಂದಿನ ಪೆಟ್ಟು ಅದಕ್ಕೇ. ಎಲ್ಲರಿಗೂ ಒಂದೊಂದು ಹಂಚಿ ಯಾರನ್ನೂ ಸಾಯಲು ಬಿಡದೆ ಉಳಿಸಿಕೊಳ್ಳುವ ಹಾಗಿಲ್ಲ.

ಯೂನಿಟ್ ಜೊತೆ ನಾಯಕ ಸೇರಿದ್ದರೆ, ಕಾವಲಿಗೆ ಇರುವ ಗೊಂಬೆಗಳು ಮುಗಿಯುವವರೆಗೂ ಅವನಿಗೆ ಪೆಟ್ಟು ಬೀಳುವುದಿಲ್ಲ. ಕಾವಲಿನವರು ಇರುವಷ್ಟು ಹೊತ್ತು ವೂಂಡ್ ರೋಲ್‌ಗೆ ಅವರ ಟಫ್‌ನೆಸ್ಸೇ ಲೆಕ್ಕ. ಪ್ರಿಸಿಷನ್ ಅಂತ ಬರೆದಿರುವ ಆಯುಧ ಮಾತ್ರ ಈ ಕಾವಲನ್ನು ದಾಟಿ ನೇರವಾಗಿ ನಾಯಕನಿಗೆ ತಾಗಬಲ್ಲದು.

ಸೇವ್: ಎರಡು ಬಗೆಯ ಕವಚ

ಜನ ಹೆಚ್ಚು ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಹೋಗೋಣ.

ಮಾಮೂಲಿ ಸೇವ್ ಅಂದರೆ ಮೈಮೇಲಿನ ಕವಚ. ಬಂದೂಕಿನ ಎಪಿ, ಅಂದರೆ ಕವಚ ಭೇದಿಸುವ ಅಂಕಿ, ಅದನ್ನು ಕೊರೆಯುತ್ತದೆ. ಟರ್ಮಿನೇಟರ್‌ನ ಸೇವ್ 2+. ಎಪಿ ಮೈನಸ್ 1 ಇರುವ ಗುಂಡು ಬಂದರೆ 3+ ಬೇಕು, ಮೈನಸ್ 3 ಬಂದರೆ 5+ ಬೇಕು.

ಇನ್‌ವಲ್ನರಬಲ್ ಸೇವ್ ಬೇರೆ ಜಾತಿ. ಮೇಜಿನ ಸುತ್ತ ಎಲ್ಲರೂ ಚಿಕ್ಕದಾಗಿ "ಇನ್‌ವಲ್" ಅನ್ನುತ್ತಾರೆ. ಎಪಿ ಇದನ್ನು ಮುಟ್ಟುವುದೇ ಇಲ್ಲ. ಟರ್ಮಿನೇಟರ್‌ಗೆ 4+ ಇನ್‌ವಲ್ ಇದೆ. ಎರಡರಲ್ಲಿ ಯಾವುದು ಒಳ್ಳೆಯದೋ ಅದನ್ನು ಒಮ್ಮೆ ಮಾತ್ರ ಬಳಸಬಹುದು. ಒಂದು ತಪ್ಪಿದರೆ ಇನ್ನೊಂದನ್ನು ಉರುಳಿಸುವ ಹಾಗಿಲ್ಲ.

ಇದರಿಂದ ಏನಾಗುತ್ತದೆ ನೋಡಿ. ಟರ್ಮಿನೇಟರ್ ಮೇಲೆ ಎಪಿ ಮೈನಸ್ 1 ಬಂದರೆ 3+, ಮೈನಸ್ 2 ಬಂದರೆ 4+. ಮೈನಸ್ 3 ಬಂದರೂ 4+, ಮೈನಸ್ 4 ಬಂದರೂ 4+. ಅಂದರೆ ಅವರ ಮೇಲೆ ಎರಡರಾಚೆಗಿನ ಎಪಿಗೆ ಕೆಲಸವಿಲ್ಲ. ಮೈನಸ್ 4 ಇರುವ ಮೆಲ್ಟಾ ಗನ್ನನ್ನು ಅವರ ಮೇಲೆ ತಿರುಗಿಸಿದರೆ ಅರ್ಧ ಶಕ್ತಿ ಗಾಳಿಗೆ ಹೋದ ಹಾಗೆ. ಅದನ್ನು ಇನ್‌ವಲ್ ಇಲ್ಲದ ಲ್ಯಾಂಡ್ ರೈಡರ್‌ನಂಥ ಗಾಡಿಗೆ ಇಟ್ಟುಕೊಳ್ಳಿ. ಅದರ 2+ ಕವಚಕ್ಕೆ ಮೈನಸ್ 4 ಬಿದ್ದರೆ ಉಳಿಯುವುದು 6+ ಅಷ್ಟೇ.

ಮರೆಯಲ್ಲಿ ನಿಂತವರಿಗೆ, ಅಂದರೆ ಕವರ್ ಇದ್ದವರಿಗೆ, ದೂರದ ಗುಂಡಿನ ಎದುರು ಮಾಮೂಲಿ ಸೇವ್ ಒಂದು ಅಂಕ ಸುಧಾರಿಸುತ್ತದೆ. ಇನ್‌ವಲ್‌ಗೆ ಕವರ್ ಸಿಗುವುದಿಲ್ಲ. ಇನ್ನೊಂದು ಸಣ್ಣ ಷರತ್ತಿದೆ. ಸೇವ್ 3+ ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ, ಎಪಿ ಸೊನ್ನೆ ಇರುವ ಗುಂಡಿಗೆ ಕವರ್ ಲೆಕ್ಕಕ್ಕಿಲ್ಲ. ಹಾಗಾಗಿ ಕವರ್‌ನ ನಿಜವಾದ ಲಾಭ ಇಂಟರ್‌ಸೆಸರ್‌ನಂಥ 3+ ಸೈನಿಕರ ಮೇಲೆ ಎಪಿ ಮೈನಸ್ 1 ಅಥವಾ 2ರ ಗುಂಡು ಬಂದಾಗ. ಗುಂಡು ಕೊರೆದದ್ದರಲ್ಲಿ ಒಂದನ್ನು ಗೋಡೆ ವಾಪಸ್ ಕೊಡುತ್ತದೆ.

ಹಳಬರ ಜೊತೆ ಆಡುವಾಗ ಒಂದು ವಿಷಯ ತಿಳಿದಿರಲಿ. 1998ರ ಮೂರನೇ ಆವೃತ್ತಿಯಿಂದ ಏಳನೆಯದರವರೆಗೆ ಎಪಿ ಹೀಗಿರಲಿಲ್ಲ. ಎಪಿ 3ರ ಗುಂಡು 3+ ಕವಚವನ್ನು ಪೂರ್ತಿ ಅಳಿಸುತ್ತಿತ್ತು, ಎಪಿ 4ರ ಗುಂಡು ಅದೇ ಕವಚಕ್ಕೆ ಏನೂ ಮಾಡುತ್ತಿರಲಿಲ್ಲ. ಇದ್ದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ. 2017ರ ಎಂಟನೇ ಆವೃತ್ತಿ ಅದನ್ನು ಬಿಟ್ಟು ಕಳೆಯುವ ಲೆಕ್ಕಕ್ಕೆ ಬಂತು. ನನಗೆ ಈಗಿನದೇ ಇಷ್ಟ. ಪ್ರತಿ ಅಂಕಕ್ಕೂ ಒಂದು ಬೆಲೆ ಇದೆ.

ಡ್ಯಾಮೇಜ್: ಅಂಕಿಯ ಆಕಾರ ನೋಡಿ

ಸೇವ್ ತಪ್ಪಿತು ಅನ್ನೋಣ. ಈಗ ಡ್ಯಾಮೇಜ್‌ನಷ್ಟು ಜೀವ ಹೋಗಬೇಕು. ಮೊದಲ ನಿಯಮ: ಹೆಚ್ಚಿಗೆ ಉಳಿದ ಡ್ಯಾಮೇಜ್ ಪಕ್ಕದ ಗೊಂಬೆಗೆ ಹೋಗುವುದಿಲ್ಲ. ಒಂದು ಜೀವದ ಆರ್ಕ್ ಬಾಯ್ ಮೇಲೆ ಏಳು ಡ್ಯಾಮೇಜ್ ಬಿದ್ದರೂ ಸಾಯುವುದು ಒಬ್ಬನೇ. ಉಳಿದ ಆರು ವ್ಯರ್ಥ.

ಹಾಗಾಗಿ ದೊಡ್ಡ ಅಂಕಿಗಿಂತ ಹೊಂದುವ ಅಂಕಿ ಮುಖ್ಯ. ಇಂಟರ್‌ಸೆಸರ್‌ಗೆ ಎರಡು ಜೀವ. ಡ್ಯಾಮೇಜ್ 2ರ ಪ್ಲಾಸ್ಮಾ ಒಂದು ಗುಂಡಿಗೆ ಒಬ್ಬನನ್ನು ಕೆಡವುತ್ತದೆ. ಟರ್ಮಿನೇಟರ್‌ಗೆ ಮೂರು ಜೀವ. ಅದೇ ಪ್ಲಾಸ್ಮಾಗೆ ಎರಡು ಗುಂಡು ಬೇಕು, ಒಂದು ಡ್ಯಾಮೇಜ್ ಸುಮ್ನೆ ಹೋಗುತ್ತದೆ. ಮೂರನೇ ಜೀವ ಕಾಗದದ ಮೇಲೆ ಬರೀ ಒಂದು ಅಂಕ. ಪ್ಲಾಸ್ಮಾ ಎದುರು ಅದು ಆಯಸ್ಸನ್ನೇ ದುಪ್ಪಟ್ಟು ಮಾಡುತ್ತದೆ, ಅಲ್ವಾ?

ಈ ಹಂತದಲ್ಲಿ ಕೂತಿರುವ ರಕ್ಷಣೆಗಳು ಮೂರು ಬಗೆ.

ಒಂದು, ಡ್ಯಾಮೇಜ್‌ನಲ್ಲಿ ಒಂದು ಕಳೆಯುವುದು. ರಿಡೆಂಪ್ಟರ್ ಡ್ರೆಡ್‌ನಾಟ್‌ಗೆ ಇದು ಇದೆ. ಡ್ಯಾಮೇಜ್ ಒಂದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಡ್ಯಾಮೇಜ್ 1ರ ಗುಂಡಿಗೆ ಇದು ಏನೂ ಮಾಡದು. ಡ್ಯಾಮೇಜ್ 2ರ ಪ್ಲಾಸ್ಮಾವನ್ನು ಅರ್ಧಕ್ಕೆ ಇಳಿಸುತ್ತದೆ. ಲಾಸ್‌ಕ್ಯಾನನ್ ಸರಾಸರಿ 4.5 ಇದ್ದದ್ದು 3.5 ಆಗುತ್ತದೆ, ಅಷ್ಟೇನೂ ನಷ್ಟವಿಲ್ಲ. ಅಂದರೆ ಇದು ಡ್ಯಾಮೇಜ್ 2ರ ಆಯುಧಗಳಿಗೆ ಶತ್ರು. ನಿಮ್ಮ ಸೇನೆಯಲ್ಲಿ ಎಲ್ಲ ಬಂದೂಕೂ ಡ್ಯಾಮೇಜ್ 2 ಆಗಿದ್ದರೆ ಇಂಥ ಗೊಂಬೆ ಮುಂದೆ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಎರಡು, ಡ್ಯಾಮೇಜ್ ಅರ್ಧ ಮಾಡುವುದು. ಭಾಗಿಸಿದಾಗ ಅರ್ಧ ಉಳಿದರೆ ಮೇಲಕ್ಕೆ ಏರಿಸಬೇಕು. ಹಾಗಾಗಿ 2 ಒಂದಾಗುತ್ತದೆ, 3 ಎರಡಾಗುತ್ತದೆ, 4 ಕೂಡ ಎರಡೇ ಆಗುತ್ತದೆ. ಇದರ ಎದುರು ಬೆಸ ಸಂಖ್ಯೆಗೆ ಲಾಭ.

ಮೂರು, ಫೀಲ್ ನೋ ಪೇನ್. ಹೋಗಬೇಕಾದ ಪ್ರತಿ ಜೀವಕ್ಕೂ ಒಂದೊಂದು ದಾಳ. 5+ ಇದ್ದರೆ ಐದು ಅಥವಾ ಆರು ಬಿದ್ದಾಗ ಆ ಜೀವ ಉಳಿಯುತ್ತದೆ. ಕೇಳಲು "ಮೂರರಲ್ಲಿ ಒಂದು ಪಾಲು ಉಳಿಯಿತು" ಅನ್ನಿಸುತ್ತದೆ. ಯಾವಾಗಲೂ ಹಾಗಲ್ಲ. ಒಂದು ಜೀವದ ಗೊಂಬೆಗೆ ಡ್ಯಾಮೇಜ್ 1 ಬಿದ್ದರೆ ಉಳಿಯುವ ಅವಕಾಶ ಮೂರರಲ್ಲಿ ಒಂದು, ನಿಜ. ಅದೇ ಗೊಂಬೆಗೆ ಡ್ಯಾಮೇಜ್ 2 ಬಿದ್ದರೆ ಎರಡು ದಾಳವೂ ಗೆಲ್ಲಬೇಕು, ಅವಕಾಶ ಒಂಬತ್ತರಲ್ಲಿ ಒಂದು. ಡ್ಯಾಮೇಜ್ 3 ಬಿದ್ದರೆ ಇಪ್ಪತ್ತೇಳರಲ್ಲಿ ಒಂದು. ಸಣ್ಣ ಗೊಂಬೆಗೆ ದೊಡ್ಡ ಪೆಟ್ಟು ಬಿದ್ದರೆ ಫೀಲ್ ನೋ ಪೇನ್ ಇದ್ದೂ ಇಲ್ಲದ ಹಾಗೆ. ತುಂಬ ಜೀವ ಇರುವ ದೊಡ್ಡ ಗೊಂಬೆಯ ಮೇಲೆ ಮಾತ್ರ ಅದು ನಿಜವಾಗಿ ಮೂರನೇ ಒಂದು ಪಾಲು ಉಳಿಸುತ್ತದೆ.

ಕಳೆಯುವುದು ಒಳ್ಳೆಯದಾ, ದಾಳ ಹಾಕುವುದು ಒಳ್ಳೆಯದಾ? ಇದಕ್ಕೆ ಆಟದ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. ಡೆತ್ ಗಾರ್ಡ್ ಸೇನೆಯ ಪ್ಲೇಗ್ ಮರೀನ್‌ಗಳು. ಕೊಳೆತ ಮೈಗೆ ನೋವೇ ಗೊತ್ತಾಗುವುದಿಲ್ಲ ಅನ್ನುವುದು ಅವರ ಕಥೆ. ಎಂಟನೇ ಆವೃತ್ತಿಯಲ್ಲಿ ಅದಕ್ಕೆ 5+ ದಾಳ ಇತ್ತು. 2021ರಲ್ಲಿ ಬಂದ ಒಂಬತ್ತನೇ ಆವೃತ್ತಿಯ ಕೋಡೆಕ್ಸ್ (ಆ ಸೇನೆಯ ನಿಯಮ ಪುಸ್ತಕ) ಅದನ್ನು ತೆಗೆದು ಡ್ಯಾಮೇಜ್‌ನಲ್ಲಿ ಒಂದು ಕಳೆಯುವ ನಿಯಮ ಕೊಟ್ಟಿತು. ಎರಡು ಜೀವದ ಸೈನಿಕನೊಬ್ಬನನ್ನು ಇಟ್ಟುಕೊಂಡು ಎರಡನ್ನೂ ತೂಗಿ ನೋಡಿ. ಡ್ಯಾಮೇಜ್ 2ರ ಪ್ಲಾಸ್ಮಾ ಬಂದರೆ 5+ ದಾಳವಿದ್ದವನು ಒಂಬತ್ತರಲ್ಲಿ ನಾಲ್ಕು ಸಲ ಸಾಯುತ್ತಾನೆ. ಒಂದು ಕಳೆಯುವವನು ಒಂದೇ ಗುಂಡಿಗೆ ಸಾಯುವುದೇ ಇಲ್ಲ. ಡ್ಯಾಮೇಜ್ 1ರ ಬೋಲ್ಟರ್ ಬಂದರೆ ಲೆಕ್ಕ ತಿರುಗಿ ಬೀಳುತ್ತದೆ. ದಾಳದವನು ಮೂರರಲ್ಲಿ ಒಂದು ಪೆಟ್ಟನ್ನು ನುಂಗುತ್ತಾನೆ, ಕಳೆಯುವವನಿಗೆ ಏನೂ ಸಿಗುವುದಿಲ್ಲ. ಕಥೆ ಅದೇ, ಗೊಂಬೆ ಅದೇ. ಅದನ್ನು ಕೊಲ್ಲಲು ಬೇಕಾದ ಆಯುಧ ಮಾತ್ರ ಪೂರ್ತಿ ಬೇರೆ.

ಮೊದಲು ಭಾಗಿಸು, ಆಮೇಲೆ ಕೂಡು

ಇದೊಂದು ಸಾಲನ್ನು ಡೇಟಾಶೀಟ್ ಮೇಲೆ ಬರೆದಿಟ್ಟುಕೊಳ್ಳಿ. ಒಂದೇ ಅಂಕಿಗೆ ಎರಡು ಮೂರು ಬದಲಾವಣೆ ಬಂದಾಗ ಮೊದಲು ಭಾಗಾಕಾರ, ನಂತರ ಗುಣಾಕಾರ, ನಂತರ ಕೂಡುವುದು, ಕೊನೆಗೆ ಕಳೆಯುವುದು. ಎಲ್ಲ ಮುಗಿದ ಮೇಲೆ ಮೇಲಕ್ಕೆ ಏರಿಸುವುದು.

ಈಗ ನೈಟ್‌ಬ್ರಿಂಗರ್ ಹತ್ತಿರ ವಾಪಸ್ ಹೋಗೋಣ. ಟಫ್‌ನೆಸ್ 11, ಇನ್‌ವಲ್ 4+, ಡ್ಯಾಮೇಜ್ ಅರ್ಧ, ಆಮೇಲೆ 5+ ಫೀಲ್ ನೋ ಪೇನ್.

ಲಾಸ್‌ಕ್ಯಾನನ್‌ನ ಸ್ಟ್ರೆಂತ್ 12, ಹಾಗಾಗಿ 3+ಗೆ ಗಾಯ. ಅದರ ಡ್ಯಾಮೇಜ್ ಡಿ6+1, ಅಂದರೆ ಆರು ಮುಖದ ದಾಳದಲ್ಲಿ ಬಿದ್ದದ್ದಕ್ಕೆ ಒಂದು ಸೇರಿಸಿ. ಆ ಪ್ಲಸ್ ಒಂದು ಬಂದೂಕಿನ ಸ್ವಂತ ಅಂಕಿಯ ಭಾಗ, ಹೊರಗಿನಿಂದ ಸೇರಿದ್ದಲ್ಲ. ಆದ್ದರಿಂದ ಒಟ್ಟಿಗೇ ಅರ್ಧ ಆಗುತ್ತದೆ. ದಾಳದ ಆರೂ ಮುಖ ಹಾಕಿ ನೋಡಿದರೆ 1, 2, 2, 3, 3, 4 ಬರುತ್ತದೆ. ಸರಾಸರಿ 2.5.

ಮಲ್ಟಿ-ಮೆಲ್ಟಾದ ಸ್ಟ್ರೆಂತ್ 9 ಮಾತ್ರ, 5+ಗೆ ಗಾಯ. ಡ್ಯಾಮೇಜ್ ಡಿ6. ಆದರೆ ಅದಕ್ಕೆ "ಮೆಲ್ಟಾ 2" ಎಂಬ ಗುಣ ಇದೆ. ಅರ್ಧ ದೂರದೊಳಗೆ, ಅಂದರೆ 9 ಇಂಚಿನೊಳಗೆ ನಿಂತು ಹೊಡೆದರೆ ಡ್ಯಾಮೇಜ್‌ಗೆ ಎರಡು ಸೇರುತ್ತದೆ. ಈ ಎರಡು ಹೊರಗಿನಿಂದ ಸೇರಿದ್ದು. ಮೊದಲು ಡಿ6 ಅರ್ಧ ಆಗುತ್ತದೆ, ಆಮೇಲೆ ಎರಡು ಪೂರ್ತಿಯಾಗಿ ಸೇರುತ್ತದೆ. ಆರೂ ಮುಖಕ್ಕೆ 3, 3, 4, 4, 5, 5. ಸರಾಸರಿ 4. ಜೊತೆಗೆ ಮಲ್ಟಿ-ಮೆಲ್ಟಾ ಎರಡು ಗುಂಡು ಹಾರಿಸುತ್ತದೆ, ಲಾಸ್‌ಕ್ಯಾನನ್ ಒಂದು.

ಎಲ್ಲ ಗುಂಡೂ ತಾಗಿತು ಅಂತ ಇಟ್ಟುಕೊಂಡು ಸೇವ್‌ಗೆ ಮುಂಚಿನ ಲೆಕ್ಕ ಮಾಡಿ. ಒಂದು ಲಾಸ್‌ಕ್ಯಾನನ್‌ಗೆ ಸುಮಾರು 1.7. ಒಂದು ಮಲ್ಟಿ-ಮೆಲ್ಟಾಗೆ ಸುಮಾರು 2.7. ಸ್ಟ್ರೆಂತ್ ಕಡಿಮೆ ಇರುವ ಬಂದೂಕೇ ಮುಂದಿದೆ. ಬದಲಿಗೆ ನೀವು ಕೊಡಬೇಕಾದ ಬೆಲೆ ಎಂದರೆ ಆ ರಾಕ್ಷಸನ 9 ಇಂಚು ಹತ್ತಿರ ಹೋಗಿ ನಿಲ್ಲುವುದು. ಅದು ಸಣ್ಣ ಬೆಲೆಯಲ್ಲ, ಮುಂದಿನ ಸರದಿಯಲ್ಲಿ ಅದು ನಿಮ್ಮ ಮೈಮೇಲೆ ಇರುತ್ತದೆ.

ಹಂತಗಳನ್ನೇ ಹಾರಿ ಬರುವ ಪೆಟ್ಟು

ಕೆಲವು ಪೆಟ್ಟುಗಳು ನಡುವಿನ ಹಂತಗಳನ್ನು ಬಿಟ್ಟು ನೇರ ಬರುತ್ತವೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಯಾವ ಹಂತ ತಪ್ಪಿಸಿಕೊಂಡಿತು, ಯಾವುದು ಇನ್ನೂ ಉಳಿದಿದೆ?

ಲೀಥಲ್ ಹಿಟ್ಸ್ ಇದ್ದರೆ ಹಿಟ್ ರೋಲ್‌ನಲ್ಲಿ ಆರು ಬಿದ್ದ ಗುಂಡು ತಾನಾಗಿಯೇ ಗಾಯ ಮಾಡುತ್ತದೆ. ಟಫ್‌ನೆಸ್ ಲೆಕ್ಕಕ್ಕಿಲ್ಲ. ಸೇವ್ ಮಾತ್ರ ಹಾಗೇ ಇದೆ. ಆಂಟಿ-ವೆಹಿಕಲ್ 4+ ಅಂತ ಬರೆದಿದ್ದರೆ ಗಾಡಿಯ ಮೇಲೆ ವೂಂಡ್ ರೋಲ್ 4 ಬಿದ್ದರೂ ಕ್ರಿಟಿಕಲ್, ಅಂದರೆ ಆರು ಬಿದ್ದ ಹಾಗೆ ಖಚಿತ ಗಾಯ. ಇಲ್ಲೂ ಟಫ್‌ನೆಸ್ಸೇ ಸೋಲುವುದು. ಡೆವಾಸ್ಟೇಟಿಂಗ್ ವೂಂಡ್ಸ್ ಇದ್ದರೆ ಕ್ರಿಟಿಕಲ್ ವೂಂಡ್ ಆದ ಪೆಟ್ಟಿಗೆ ಯಾವ ಸೇವೂ ಇಲ್ಲ, ಇನ್‌ವಲ್ ಕೂಡ ಇಲ್ಲ. ಆದರೆ ಡ್ಯಾಮೇಜ್ ಕಳೆಯುವ ನಿಯಮ ಮತ್ತು ಫೀಲ್ ನೋ ಪೇನ್ ಆ ಹಂತದ ಆಚೆ ಇವೆ, ಅವು ಕೆಲಸ ಮಾಡುತ್ತವೆ.

ಲೀಥಲ್ ಮತ್ತು ಡೆವಾಸ್ಟೇಟಿಂಗ್ ಎರಡೂ ಒಂದೇ ಆಯುಧಕ್ಕೆ ಇದ್ದರೆ ಸೂಪರ್ ಅಂತ ಕಾಣುತ್ತದೆ. ಒಂದು ಕ್ಷಣ ಯೋಚಿಸಿ. ಲೀಥಲ್‌ನಿಂದ ತಾನಾಗಿ ಗಾಯ ಆದ ಗುಂಡಿಗೆ ವೂಂಡ್ ರೋಲ್ ಇಲ್ಲ. ವೂಂಡ್ ರೋಲ್ ಇಲ್ಲದಿದ್ದರೆ ಕ್ರಿಟಿಕಲ್ ವೂಂಡ್ ಬರುವ ದಾರಿಯೇ ಇಲ್ಲ. ಎರಡು ಒಳ್ಳೆಯ ಗುಣ ಒಂದರ ಕಾಲನ್ನು ಇನ್ನೊಂದು ಎಳೆಯುತ್ತವೆ.

ಇನ್ನು ಮಾರ್ಟಲ್ ವೂಂಡ್. ಮಂತ್ರದಿಂದಲೋ ಸ್ಫೋಟದಿಂದಲೋ ಬರುವ ಇದಕ್ಕೆ ಟಫ್‌ನೆಸ್, ಸೇವ್ ಯಾವುದೂ ಅಡ್ಡ ಇಲ್ಲ, ಮೇಲಾಗಿ ಹೆಚ್ಚಿದ್ದು ಪಕ್ಕದ ಗೊಂಬೆಗೂ ಹರಿಯುತ್ತದೆ. ಅದಕ್ಕೆ ಡ್ಯಾಮೇಜ್ ಅನ್ನುವ ಅಂಕಿಯೇ ಇಲ್ಲವಾದ್ದರಿಂದ ಒಂದು ಕಳೆಯುವ ನಿಯಮವೂ ತಾಗುವುದಿಲ್ಲ. ಉಳಿಯುವ ಒಂದೇ ತಡೆ ಫೀಲ್ ನೋ ಪೇನ್.

ಮೇಜಿನ ಮುಂದೆ ಹೀಗೆ ಮಾಡಿ

ಗುರಿ ಹೇಳುವ ಮೊದಲೇ ಕೇಳಿ. "ಗುರು, ಇದರ ಟಫ್‌ನೆಸ್ ಎಷ್ಟು? ಇನ್‌ವಲ್ ಇದೆಯಾ? ಡ್ಯಾಮೇಜ್ ಕಡಿಮೆ ಮಾಡೋದು ಏನಾದ್ರೂ ಇದೆಯಾ? ಫೀಲ್ ನೋ ಪೇನ್?" ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ಎದುರಾಳಿಯ ಮರ್ಯಾದೆ.

ಆಮೇಲೆ ನಿಮ್ಮ ಬಂದೂಕನ್ನು ಅದೇ ಸಾಲಿನಲ್ಲಿ ನಡೆಸಿ. ಇನ್‌ವಲ್ ಇದ್ದರೆ ದೊಡ್ಡ ಎಪಿಯನ್ನು ಬೇರೆಡೆಗೆ ತಿರುಗಿಸಿ, ಗುಂಡಿನ ಸಂಖ್ಯೆ ಜಾಸ್ತಿ ಇರುವುದನ್ನು ಇಲ್ಲಿಗೆ ತನ್ನಿ. ಒಂದು ಕಳೆಯುವ ನಿಯಮ ಇದ್ದರೆ ಡ್ಯಾಮೇಜ್ 2 ಬಿಟ್ಟು 1 ಅಥವಾ 3ಕ್ಕೆ ಹೋಗಿ. ಅರ್ಧ ಮಾಡುವ ನಿಯಮ ಇದ್ದರೆ ಬೆಸ ಅಂಕಿ ಅಥವಾ ಮೆಲ್ಟಾ. ಸಣ್ಣ ಗೊಂಬೆಗಳಿಗೆ ಫೀಲ್ ನೋ ಪೇನ್ ಇದ್ದರೆ ಡ್ಯಾಮೇಜ್ 2.

ಹೊಡೆಯುವಾಗ ಎಪಿ ಮತ್ತು ಡ್ಯಾಮೇಜ್ ಎರಡನ್ನೂ ಜೋರಾಗಿ ಹೇಳಿ. ಒಂದಕ್ಕಿಂತ ಜಾಸ್ತಿ ಜೀವ ಇರುವ ಗೊಂಬೆಗಳಿಗೆ ಫೀಲ್ ನೋ ಪೇನ್ ಇದ್ದರೆ ದಾಳಗಳನ್ನು ಒಟ್ಟಿಗೆ ಸುರಿಯಬೇಡಿ. ಒಂದು ಪೆಟ್ಟು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಯಾವ ಗೊಂಬೆಗೆ ಎಷ್ಟು ಉಳಿದಿದೆ ಅನ್ನುವುದರ ಮೇಲೆ ಮುಂದಿನ ಪೆಟ್ಟು ಎಷ್ಟು ವ್ಯರ್ಥವಾಗುತ್ತದೆ ಅನ್ನುವುದು ನಿಂತಿರುತ್ತದೆ. ಜೀವ ಹೋದ ಗೊಂಬೆಯ ಪಕ್ಕ ಒಂದು ಸಣ್ಣ ದಾಳ ಇಟ್ಟರೆ ಜಗಳ ಬರುವುದಿಲ್ಲ.

ಬೇರೆ ಆಟಕ್ಕೆ ಹೋದಾಗ ಈ ಅಂಕಿಗಳನ್ನು ಕಟ್ಟಿಕೊಂಡು ಹೋಗಬೇಡಿ. ಅದೇ ಕಂಪನಿಯ ಏಜ್ ಆಫ್ ಸಿಗ್ಮಾರ್‌ನಲ್ಲಿ ಗಾಯಕ್ಕೆ ಬೇಕಾದ ಅಂಕಿ ಆಯುಧದ ಮೇಲೇ ಬರೆದಿರುತ್ತದೆ, ಎದುರಿನವನ ಗಟ್ಟಿತನ ನೋಡುವುದಿಲ್ಲ. ಅಲ್ಲಿ ಹೆಚ್ಚಿಗೆ ಡ್ಯಾಮೇಜ್ ಪಕ್ಕದ ಗೊಂಬೆಗೂ ಹರಿಯುತ್ತದೆ, ಹಾಗಾಗಿ ದೊಡ್ಡ ಪೆಟ್ಟು ಗುಂಪಿನ ಮೇಲೂ ವ್ಯರ್ಥವಲ್ಲ. ಎರಡನೇ ಮಹಾಯುದ್ಧದ ಬೋಲ್ಟ್ ಆಕ್ಷನ್‌ನಲ್ಲಿ ಕಾಲಾಳಿಗೆ ಕವಚವೇ ಇಲ್ಲ. ಹೊಸ ಸೈನಿಕನನ್ನು 3+ಗೆ ಕೆಡವಬಹುದು, ಮಾಮೂಲಿ ಸೈನಿಕನನ್ನು 4+ಗೆ, ಅನುಭವಸ್ಥನನ್ನು 5+ಗೆ. ಅಲ್ಲಿ ಮೈ ಕಾಯುವುದು ಅನುಭವವೇ.

ನೈಟ್‌ಬ್ರಿಂಗರ್ ಎದುರು ಮತ್ತೆ ಆಡಿದಾಗ ನಾನು ಲಾಸ್‌ಕ್ಯಾನನ್‌ಗಳನ್ನು ಅವನ ಗಾಡಿಗಳ ಕಡೆ ತಿರುಗಿಸಿದೆ. ಎರಡು ಮಲ್ಟಿ-ಮೆಲ್ಟಾಗಳನ್ನು ಗೋಡೆಯ ಮರೆಯಲ್ಲಿ ಇಟ್ಟುಕೊಂಡು, ಅದು 9 ಇಂಚಿನೊಳಗೆ ಬರುವವರೆಗೂ ಕಾದೆ.